ಹಳೆಯ ಬ್ರೌಸರಿನಲ್ಲಿ ಹೊಸ ಫಾರ್ಮ್: ಬಿರುಕು ಹುಡುಕಿ ಗಾರೆ ಮೆತ್ತುವ ಕ್ರಮ

ಫಾರ್ಮಿನಲ್ಲಿ ಒಂದು ಇನ್‌ಪುಟ್ ಇಟ್ಟು, ಅದರ ಟೈಪ್ 'ಡೇಟ್' ಎಂದು ಬರೆದು, ಕ್ರೋಮಿನಲ್ಲಿ ತೆರೆದು ನೋಡುತ್ತೀರಿ. ಕ್ಯಾಲೆಂಡರ್ ಬಿಚ್ಚಿಕೊಳ್ಳುತ್ತದೆ, ಮನಸ್ಸು ನಿರಾಳವಾಗುತ್ತದೆ. ಅದೇ ಪುಟವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ 11ರಲ್ಲಿ ತೆರೆದವರಿಗೆ ಕಾಣುವುದು ಬರಿಯ ಖಾಲಿ ಚೌಕ. ಅವರು ಅದರಲ್ಲಿ 5/3/24 ಎಂದು ಬರೆದು ಮುಂದೆ ಹೋಗುತ್ತಾರೆ. ಅದು ಮಾರ್ಚ್ ಐದೋ ಮೇ ಮೂರೋ ಎಂದು ಸರ್ವರ್ ಹೇಗೆ ತಿಳಿಯಬೇಕು? ಯಾರೂ ಕೂಗಿ ಹೇಳುವುದಿಲ್ಲ. ತಪ್ಪು ದಿನಾಂಕ ಸದ್ದಿಲ್ಲದೆ ಡೇಟಾಬೇಸಿಗೆ ಇಳಿದುಬಿಡುತ್ತದೆ.

ಇಂಥ ಕಡೆ, ಬ್ರೌಸರಿನಲ್ಲಿ ಇಲ್ಲದ ಸೌಲಭ್ಯವನ್ನು ತುಂಬಿಕೊಟ್ಟು ನೆರವಿಗೆ ಬರುವ ಸ್ಕ್ರಿಪ್ಟ್ ಲೈಬ್ರರಿಗಳನ್ನು ಪಾಲಿಫಿಲ್ ಎನ್ನುತ್ತಾರೆ. 2009ರಲ್ಲಿ ಈ ಪದವನ್ನು ಟಂಕಿಸಿದವರು ಬ್ರಿಟನ್ನಿನ ಡೆವಲಪರ್ ರೆಮಿ ಶಾರ್ಪ್. ಅಲ್ಲಿನ ಮನೆಗಳಲ್ಲಿ ಗೋಡೆಯ ಬಿರುಕು ಮುಚ್ಚಲು ಬಳಸುವ ಪಾಲಿಫಿಲ್ಲಾ ಎಂಬ ಗಾರೆ ಅವರ ಮನಸ್ಸಿನಲ್ಲಿತ್ತು. ಹೋಲಿಕೆ ಚೆನ್ನಾಗಿದೆ, ಅದನ್ನು ಪಾಲಿಸುವವರು ಮಾತ್ರ ಕಡಿಮೆ. ಬಿರುಕು ಎಲ್ಲಿದೆ ಎಂದು ನೋಡುವ ತಾಳ್ಮೆಯಿಲ್ಲದೆ ಇಡೀ ಗೋಡೆಗೆ ಗಾರೆ ಬಳಿಯುವುದೇ ರೂಢಿಯಾಗಿದೆ: ಒಂದು ಭಾರಿ ಲೈಬ್ರರಿಯನ್ನು ತಂದು ಎಲ್ಲ ಪುಟಕ್ಕೂ ಅಂಟಿಸುವುದು. ಅದರ ಹೊರೆ ಬೀಳುವುದು ಹಳೆಯ ಯಂತ್ರವನ್ನೂ ನಿಧಾನದ ಸಂಪರ್ಕವನ್ನೂ ಇಟ್ಟುಕೊಂಡು ಒದ್ದಾಡುತ್ತಿರುವವರ ಮೇಲೆಯೇ. ಯಾರಿಗೆ ಉಪಕಾರ ಮಾಡಹೊರಟೆವೋ ಅವರಿಗೇ ಪೆಟ್ಟು.

ಕೋಡಿನ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಫಾರ್ಮ್ ಬರೆದು ಅಭ್ಯಾಸವಿರುವವರಿಗೆ ಅವುಗಳ ಮೂಲರೂಪ ಕಣ್ಣಮುಂದೆ ಬರುತ್ತದೆ.

ಹೆಜ್ಜೆ 1: ಸ್ಕ್ರಿಪ್ಟ್ ಇಲ್ಲದೆಯೂ ನಡೆಯುವ ಫಾರ್ಮ್ ಬರೆಯಿರಿ

ಎಚ್‌ಟಿಎಂಎಲ್ ನಮಗೆ ಕೊಟ್ಟಿರುವ ದೊಡ್ಡ ಅನುಕೂಲ ಅದರ ಸಹನೆ. ಇನ್‌ಪುಟ್ಟಿನ ಟೈಪ್ ಏನೆಂದು ಬ್ರೌಸರಿಗೆ ಅರ್ಥವಾಗದಿದ್ದರೆ ಅದು ಮುನಿಸಿಕೊಳ್ಳದೆ ಸಾಮಾನ್ಯ ಪಠ್ಯದ ಚೌಕ ತೋರಿಸುತ್ತದೆ. ತಿಳಿಯದ ಆಟ್ರಿಬ್ಯೂಟ್ ಕಂಡರೆ ದಾಟಿಕೊಂಡು ಹೋಗುತ್ತದೆ. 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಕೂಡ ನಿಮ್ಮ 'ಇಮೇಲ್' ಟೈಪನ್ನು ಚೌಕವಾಗಿ ತೋರಿಸಿ, ಬರೆದದ್ದನ್ನು ಸರ್ವರಿಗೆ ಮುಟ್ಟಿಸುತ್ತದೆ. ಆದ್ದರಿಂದ ಹೊಸ ಟೈಪುಗಳನ್ನು ಧೈರ್ಯವಾಗಿ ಬಳಸಿ. ಹಳೆಯ ಬ್ರೌಸರಿಗೆ ಹೆದರಿ ಎಲ್ಲವನ್ನೂ 'ಟೆಕ್ಸ್ಟ್' ಎಂದು ಬರೆದಿಟ್ಟರೆ, ಮೊಬೈಲ್ ಬಳಸುವವರಿಗೆ ಸಿಗುತ್ತಿದ್ದ ಅಂಕಿಗಳ ಕೀಲಿಮಣೆಯೂ ಕೈತಪ್ಪುತ್ತದೆ.

ಪ್ರತಿ ಫೀಲ್ಡಿಗೂ ನಿಜವಾದ ಲೇಬಲ್ ಇರಲಿ. ದಿನಾಂಕದ ಪಕ್ಕದಲ್ಲಿ ವರ್ಷ-ತಿಂಗಳು-ದಿನ ಎಂಬ ಕ್ರಮವನ್ನು ಒಂದು ಮಾದರಿಯೊಡನೆ, ಉದಾಹರಣೆಗೆ 2024-03-05 ಎಂದು, ಬರೆದಿಡಿ. ಕ್ಯಾಲೆಂಡರ್ ಕಾಣಿಸಿಕೊಂಡಾಗ ಸ್ಕ್ರಿಪ್ಟಿನಿಂದ ಆ ಸಾಲನ್ನು ಮರೆಮಾಡಬಹುದು. ಸರ್ವರಿನಲ್ಲಿ ಎಲ್ಲ ತಪಾಸಣೆಯೂ ಇರಲೇಬೇಕು. ಬ್ರೌಸರಿನ ತಪಾಸಣೆ ಬಳಕೆದಾರರ ಸಮಯ ಉಳಿಸುವುದಕ್ಕೆ. ಅದು ಕಾವಲಲ್ಲ, ಯಾರು ಬೇಕಾದರೂ ಅದನ್ನು ಆರಿಸಿಬಿಡಬಹುದು.

ಹೆಜ್ಜೆ 2: ಬಿರುಕುಗಳ ಪಟ್ಟಿ ಮಾಡಿ

ಹಳೆಯ ಬ್ರೌಸರ್ ಎಂದೊಡನೆ ಎಲ್ಲರೂ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಡೆಗೆ ಬೆರಳು ತೋರಿಸುತ್ತಾರೆ. ಅದರ 9ನೆಯ ಆವೃತ್ತಿಯವರೆಗೆ ಫಾರ್ಮಿನ ತಪಾಸಣೆಯೂ ಇಲ್ಲ, ಖಾಲಿ ಫೀಲ್ಡಿನಲ್ಲಿ ಮಸುಕಾಗಿ ಸೂಚನೆ ತೋರಿಸುವ ಪ್ಲೇಸ್‌ಹೋಲ್ಡರ್ ಕೂಡ ಇಲ್ಲ, ನಿಜ. 2012ರಲ್ಲಿ ಬಂದ 10ನೆಯ ಆವೃತ್ತಿಗೆ ಅವೆರಡೂ ದಕ್ಕಿದವು. ದಿನಾಂಕದ ಟೈಪ್ ಮಾತ್ರ ಆ ಬ್ರೌಸರಿಗೆ ಕೊನೆಯವರೆಗೂ ಬರಲೇ ಇಲ್ಲ. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಅದಕ್ಕೆ ವಿದಾಯ ಹೇಳಿತು. ಕಚೇರಿಗಳ ಒಳಜಾಲಗಳಲ್ಲಿ ಅದರ ನೆರಳು ಎಡ್ಜ್ ಬ್ರೌಸರಿನ ಐಇ ಮೋಡ್ ರೂಪದಲ್ಲಿ ಉಳಿದಿದೆ.

ಆದರೆ ಬೇರೆಯವರೂ ಏನೂ ಅವಸರ ಮಾಡಲಿಲ್ಲ. ಕ್ರೋಮ್ 2012ರಲ್ಲೇ ದಿನಾಂಕದ ಕ್ಯಾಲೆಂಡರ್ ಕೊಟ್ಟರೆ, ಫೈರ್‌ಫಾಕ್ಸ್ 2017ರ 57ನೆಯ ಆವೃತ್ತಿಯವರೆಗೆ, ಡೆಸ್ಕ್‌ಟಾಪಿನ ಸಫಾರಿ 2021ರ 14.1ರವರೆಗೆ ಕಾಯಿಸಿದವು. ಫಾರ್ಮನ್ನು ತಪಾಸಣೆಯೊಂದಿಗೆ ಸ್ಕ್ರಿಪ್ಟಿನಿಂದಲೇ ಸಲ್ಲಿಸುವ 'ರಿಕ್ವೆಸ್ಟ್‌ಸಬ್ಮಿಟ್' ಸಫಾರಿಗೆ ಬಂದದ್ದು 2022ರಲ್ಲಿ, 16ನೆಯ ಆವೃತ್ತಿಯಲ್ಲಿ. ಐಫೋನ್ 7ರಂಥ ಫೋನುಗಳು ಐಒಎಸ್ 15ಕ್ಕೇ ನಿಂತುಹೋಗಿವೆ. ಅಂಥ ಫೋನಿನಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗಿನ ಯಂತ್ರ ಸಫಾರಿಯ ವೆಬ್‌ಕಿಟ್ಟೇ ಆದ್ದರಿಂದ ಬಿರುಕು ಹಾಗೆಯೇ ಇರುತ್ತದೆ. ಈ ಒಂದು ಸಂಗತಿ ತಿಳಿಯದೆ ದಿನಗಟ್ಟಲೆ ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಈಗ ನಿಮ್ಮ ಫಾರ್ಮಿನಲ್ಲಿರುವ ಒಂದೊಂದು ಹೊಸ ಸೌಲಭ್ಯದ ಮುಂದೆಯೂ ಒಂದೇ ಪ್ರಶ್ನೆ ಇಡಿ: ಇದು ಕೆಲಸ ಮಾಡದಿದ್ದರೆ ಬಳಕೆದಾರರಿಗೆ ಏನು ನಷ್ಟ? ದಿನಾಂಕ ತಪ್ಪಾದರೆ ನಷ್ಟ ದೊಡ್ಡದು, ಅಲ್ಲಿ ಗಾರೆ ಬೇಕು. ಫೀಲ್ಡ್ ತುಂಬಲೇಬೇಕು ಎನ್ನುವ 'ರಿಕ್ವೈರ್ಡ್' ಕೆಲಸ ಮಾಡದಿದ್ದರೆ ಸರ್ವರ್ ಫಾರ್ಮನ್ನು ಹಿಂದಿರುಗಿಸುತ್ತದೆ. ಕಿರಿಕಿರಿಯಷ್ಟೇ, ಉದ್ದ ಫಾರ್ಮಾದರೆ ಮಾತ್ರ ಗಾರೆಗೆ ಯೋಗ್ಯ. ಪುಟ ತೆರೆದೊಡನೆ ಕರ್ಸರನ್ನು ಫೀಲ್ಡಿನಲ್ಲಿ ನಿಲ್ಲಿಸುವ 'ಆಟೋಫೋಕಸ್' ಕೆಲಸ ಮಾಡದಿದ್ದರೆ ಯಾರಿಗೂ ಏನೂ ಆಗುವುದಿಲ್ಲ.

ಪ್ಲೇಸ್‌ಹೋಲ್ಡರಿನ ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು: ಅದಕ್ಕಾಗಿ ಲೈಬ್ರರಿ ಹಾಕಬೇಡಿ. ಹಳೆಯ ಪಾಲಿಫಿಲ್‌ಗಳು ಸೂಚನೆಯ ಪಠ್ಯವನ್ನು ಫೀಲ್ಡಿನ ಬೆಲೆಯಾಗಿಯೇ (ವ್ಯಾಲ್ಯೂ) ತುಂಬಿ ಬೂದುಬಣ್ಣ ಬಳಿಯುತ್ತಿದ್ದವು. ಸಲ್ಲಿಸುವ ಮುನ್ನ ಅದನ್ನು ಅಳಿಸಬೇಕು. ಅಜಾಕ್ಸ್ ಮೂಲಕ, ಅಂದರೆ ಪುಟ ಬದಲಿಸದೆ ಸ್ಕ್ರಿಪ್ಟಿನಿಂದಲೇ, ಕಳಿಸಿದರೆ ಸಲ್ಲಿಕೆಯ ಈವೆಂಟ್ ನಡೆಯದೆ ಅಳಿಸುವ ಕೆಲಸವೂ ತಪ್ಪುತ್ತದೆ. ಆಗ 'ನಿಮ್ಮ ಹೆಸರು ಬರೆಯಿರಿ' ಎಂಬ ಹೆಸರಿನ ಗ್ರಾಹಕರು ಡೇಟಾಬೇಸಿನಲ್ಲಿ ಸಾಲುಸಾಲಾಗಿ ನಿಲ್ಲುತ್ತಾರೆ. ಪಾಸ್‌ವರ್ಡ್ ಫೀಲ್ಡಿನಲ್ಲಂತೂ ಸೂಚನೆಯೇ ಚುಕ್ಕಿಗಳಾಗಿ ಕಾಣುತ್ತದೆ. ಲೇಬಲ್ ಇದ್ದರೆ ಈ ಯಾವ ರಗಳೆಯೂ ಇಲ್ಲ.

ಹೆಜ್ಜೆ 3: ಬ್ರೌಸರಿನ ಹೆಸರು ಕೇಳಬೇಡಿ, ಕೆಲಸ ಬರುತ್ತದೆಯೇ ಎಂದು ಕೇಳಿ

ಬ್ರೌಸರ್ ತನ್ನ ಹೆಸರು ಹೇಳಿಕೊಳ್ಳುವ ಯೂಸರ್ ಏಜೆಂಟ್ ಸಾಲನ್ನು ಓದಿ ಆವೃತ್ತಿ ಊಹಿಸುವುದು ಹಳೆಯ ಚಾಳಿ, ಬಿಟ್ಟುಬಿಡಿ. ಬ್ರೌಸರುಗಳು ಆ ಸಾಲಿನಲ್ಲಿ ಒಂದರ ವೇಷವನ್ನು ಇನ್ನೊಂದು ಹಾಕುತ್ತವೆ.

ದಿನಾಂಕದ ಪರೀಕ್ಷೆ ಹೀಗೆ. ಪುಟಕ್ಕೆ ಸೇರಿಸದೆ ಸ್ಕ್ರಿಪ್ಟಿನಲ್ಲಿ ಒಂದು ಇನ್‌ಪುಟ್ ಸೃಷ್ಟಿಸಿ. 'ಸೆಟ್‌ಆಟ್ರಿಬ್ಯೂಟ್' ಬಳಸಿ ಅದರ ಟೈಪನ್ನು 'ಡೇಟ್' ಮಾಡಿ. ಕೂಡಲೇ ಅದರ ಟೈಪ್ ಗುಣವನ್ನು ಓದಿ. 'ಡೇಟ್' ಎಂದೇ ಬಂದರೆ ಬ್ರೌಸರಿಗೆ ಆ ಟೈಪ್ ಗೊತ್ತು, 'ಟೆಕ್ಸ್ಟ್' ಎಂದು ಬಂದರೆ ಗೊತ್ತಿಲ್ಲ. ಟೈಪನ್ನು ನೇರವಾಗಿ ಬೆಲೆ ಕೊಟ್ಟು ಬದಲಿಸಲು ಹೋಗಬೇಡಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ ತನಗೆ ತಿಳಿಯದ ಟೈಪ್ ಕಂಡರೆ ದೋಷ ಎಸೆದು ಸ್ಕ್ರಿಪ್ಟನ್ನೇ ನಿಲ್ಲಿಸುತ್ತದೆ.

ಇಷ್ಟರಿಂದ ಮುಗಿಯುವುದಿಲ್ಲ, ಏಕೆಂದರೆ ಕೆಲವು ಹಳೆಯ ವೆಬ್‌ಕಿಟ್ ಬ್ರೌಸರುಗಳು ಟೈಪ್ ಗೊತ್ತು ಎಂದು ತಲೆಯಾಡಿಸಿ ಕ್ಯಾಲೆಂಡರನ್ನೂ ಕೊಡುವುದಿಲ್ಲ, ತಪಾಸಣೆಯನ್ನೂ ಮಾಡುವುದಿಲ್ಲ. ಆದ್ದರಿಂದ ಎರಡನೆಯ ಪರೀಕ್ಷೆ: ಆ ಇನ್‌ಪುಟ್ಟಿಗೆ ದಿನಾಂಕವಲ್ಲದ ಏನನ್ನಾದರೂ ಬೆಲೆಯಾಗಿ ಕೊಡಿ. ನಿಜವಾಗಿ ಬಲ್ಲ ಬ್ರೌಸರ್ ಅದನ್ನು ಅಳಿಸಿ ಖಾಲಿ ಮಾಡುತ್ತದೆ. ಬರೆದದ್ದು ಹಾಗೆಯೇ ಉಳಿದರೆ ಆ ಬ್ರೌಸರ್ ಬಡಾಯಿ ಕೊಚ್ಚುತ್ತಿದೆ ಎಂದರ್ಥ. 2009ರಿಂದ ಈ ಪರೀಕ್ಷೆಗಳನ್ನೆಲ್ಲ ಕಟ್ಟಿಕೊಡುತ್ತ ಬಂದ ಮಾಡರ್ನೈಜರ್ ಲೈಬ್ರರಿ ತನ್ನ ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಬಳಸುತ್ತಿದ್ದುದು ಒಂದು ನಗುಮುಖವನ್ನು: ಒಂದು ಕೋಲನ್, ಒಂದು ಆವರಣಚಿಹ್ನೆ. ಗಂಭೀರ ಕೋಡಿನ ನಡುವೆ ಅದನ್ನು ಕಂಡಾಗಲೆಲ್ಲ ನನಗೂ ನಗು ಬರುತ್ತದೆ.

ತಪಾಸಣೆಯ ಪರೀಕ್ಷೆ ಇದಕ್ಕಿಂತ ಜಾರು. 'ಚೆಕ್‌ವ್ಯಾಲಿಡಿಟಿ' ಎಂಬ ಫಂಕ್ಷನ್ ಇದೆಯೇ ಎಂದು ನೋಡಿದರೆ ಸಾಕು ಎಂದು ಬಹಳ ಕಡೆ ಬರೆದಿರುತ್ತದೆ. ಸಾಲದು. 2017ರ 10.1ಕ್ಕೆ ಹಿಂದಿನ ಸಫಾರಿಯಲ್ಲಿ ಆ ಫಂಕ್ಷನ್ ಇತ್ತು, ತಪ್ಪೆಲ್ಲಿದೆ ಎಂದು ಕೇಳಿದರೆ ಹೇಳುತ್ತಲೂ ಇತ್ತು. ಆದರೂ ತಪ್ಪಿರುವ ಫಾರ್ಮನ್ನು ತಡೆಯದೆ ಕಳಿಸಿಬಿಡುತ್ತಿತ್ತು. ಖಾತ್ರಿಯಾಗಬೇಕಾದರೆ ಕಣ್ಣಿಗೆ ಬೀಳದ ಪುಟ್ಟ ಫಾರ್ಮೊಂದನ್ನು ಪುಟಕ್ಕೆ ಸೇರಿಸಿ, ಅದರಲ್ಲಿ 'ರಿಕ್ವೈರ್ಡ್' ಇರುವ ಖಾಲಿ ಫೀಲ್ಡ್ ಇಟ್ಟು, ಗುಂಡಿಯನ್ನು ಸ್ಕ್ರಿಪ್ಟಿನಿಂದ ಒತ್ತಿ, ಸಲ್ಲಿಕೆಯ ಈವೆಂಟ್ ನಡೆಯಿತೇ ನೋಡಿ. ನಡೆದರೆ ಅದನ್ನು ಅಲ್ಲಿಯೇ ತಡೆದು ಫಾರ್ಮನ್ನು ಕಿತ್ತುಹಾಕಿ; ಈ ಬ್ರೌಸರಿಗೆ ಗಾರೆ ಬೇಕು.

ಹೆಜ್ಜೆ 4: ಲೈಬ್ರರಿ ಆರಿಸಿಕೊಳ್ಳಿ

ನಿಜವಾದ ಪಾಲಿಫಿಲ್ ನಿಮ್ಮ ಎಚ್‌ಟಿಎಂಎಲ್‌ಗೆ ಕೈ ಹಚ್ಚಲು ಹೇಳುವುದಿಲ್ಲ. ಮಾನಕದಲ್ಲಿರುವ ಆಟ್ರಿಬ್ಯೂಟುಗಳನ್ನೇ ಓದಿ, ಮಾನಕದ ಫಂಕ್ಷನ್ ಹೆಸರುಗಳನ್ನೇ ಒದಗಿಸುತ್ತದೆ. ನಾಳೆ ಅದನ್ನು ಕಿತ್ತೆಸೆದರೆ ಪುಟ ಹಾಗೆಯೇ ನಡೆಯುತ್ತದೆ. ತನ್ನದೇ ಕ್ಲಾಸ್ ಹೆಸರು, ತನ್ನದೇ ಪದ್ಧತಿ ಹೇರುವ ಲೈಬ್ರರಿ ಉಪಯುಕ್ತವೇ ಇರಬಹುದು, ಆದರೆ ಅದರೊಡನೆ ಮದುವೆಯಾದಂತೆ, ಬಿಡುವುದು ಕಷ್ಟ.

ಒಂದು ಕಾಲಕ್ಕೆ ಫಾರ್ಮುಗಳ ಪಾಲಿಗೆ ವೆಬ್‌ಶಿಮ್ಸ್ ಎಲ್ಲಕ್ಕೂ ಮದ್ದಾಗಿತ್ತು. ಜೆಕ್ವೆರಿ ಎಂಬ ಇನ್ನೊಂದು ಲೈಬ್ರರಿಯನ್ನು ನಂಬಿ ನಿಂತಿದ್ದ ಅದರ ಬೆಳವಣಿಗೆ ಎಂದೋ ನಿಂತಿದೆ, ಹೊಸ ಕೆಲಸಕ್ಕೆ ಬೇಡ. ತಪಾಸಣೆಯ ನಿಯಮಗಳನ್ನೆಲ್ಲ ಸ್ಕ್ರಿಪ್ಟಿನಲ್ಲಿ ಮರುರಚಿಸುವ ಹೈಪರ್‌ಫಾರ್ಮ್ ಇದೆ. ದಿನಾಂಕಕ್ಕೆ ಫ್ಲಾಟ್‌ಪಿಕರ್ ಮತ್ತು ಪಿಕಾಡೇ ಬಹಳ ಜನ ಬಳಸುವ ಕ್ಯಾಲೆಂಡರುಗಳು. ಇವು ಕಟ್ಟುನಿಟ್ಟಾಗಿ ಪಾಲಿಫಿಲ್ ಅಲ್ಲ, ಆದರೆ ಪರೀಕ್ಷೆ ಸೋತಾಗ ಮಾತ್ರ ಕರೆದರೆ ಅದೇ ಕೆಲಸ ಮಾಡುತ್ತವೆ. 'ರಿಕ್ವೆಸ್ಟ್‌ಸಬ್ಮಿಟ್' ಒಂದಕ್ಕೇ ಬೇಕಾದರೆ ಅದಕ್ಕೆಂದೇ ಬರೆದ ಕೆಲವೇ ಸಾಲುಗಳ ಪಾಲಿಫಿಲ್ ಸಿಗುತ್ತದೆ.

ಇಳಿಸಿಕೊಂಡ ಫೈಲನ್ನು ಒಮ್ಮೆ ತೆರೆದು ನೋಡಿ. ಹಳೆಯ ಬ್ರೌಸರುಗಳಿಗೆಂದೇ ಬರೆದ ಲೈಬ್ರರಿಯ ಹೊಸ ಆವೃತ್ತಿಯಲ್ಲಿ ಬಾಣದ ಗುರುತಿನ ಫಂಕ್ಷನ್ನುಗಳು, 'ಕಾನ್ಸ್ಟ್' ಘೋಷಣೆಗಳು ಕಾಣುವುದುಂಟು. ಎಕ್ಸ್‌ಪ್ಲೋರರ್ 11 ಅಂಥ ಬಾಣ ಒಂದನ್ನು ಕಂಡರೂ ವ್ಯಾಕರಣದೋಷವೆಂದು ಇಡೀ ಫೈಲನ್ನು ತಳ್ಳಿಹಾಕುತ್ತದೆ. ಔಷಧವನ್ನು ನುಂಗಲಾರದ ರೋಗಿಗೆ ಔಷಧ ಕೊಟ್ಟಂತಾಯಿತು. ಜಾವಾಸ್ಕ್ರಿಪ್ಟಿನ ಹಳೆಯ ರೂಪವಾದ ಇಎಸ್5ಕ್ಕೆ ಇಳಿಸಿದ ಪ್ರತಿಯನ್ನೇ ಹುಡುಕಿ, ಇಲ್ಲವಾದರೆ ಹೊಸ ಕೋಡನ್ನು ಹಳೆಯ ರೂಪಕ್ಕೆ ಬದಲಿಸುವ ಬೇಬಲ್ ಬಳಸಿ ನೀವೇ ಇಳಿಸಿಕೊಳ್ಳಿ.

ಹೆಜ್ಜೆ 5: ಫೈಲ್ ನಿಮ್ಮ ಸರ್ವರಿನಲ್ಲೇ ಇರಲಿ

ಬ್ರೌಸರ್ ನೋಡಿ ಬೇಕಾದ ಪಾಲಿಫಿಲ್‌ಗಳನ್ನು ಮಾತ್ರ ಕಳಿಸುತ್ತಿದ್ದ ಪಾಲಿಫಿಲ್ ಡಾಟ್ ಐಒ ಎಂಬ ಸೇವೆಯಿತ್ತು. ಒಂದೇ ಸಾಲು ಬರೆದರೆ ಮುಗಿಯಿತು ಎಂಬ ಆಮಿಷಕ್ಕೆ ಜಗತ್ತೇ ಒಲಿದಿತ್ತು. 2024ರ ಫೆಬ್ರವರಿಯಲ್ಲಿ ಆ ಡೊಮೇನ್ ಬೇರೊಂದು ಕಂಪನಿಯ ಕೈಸೇರಿತು. ಅದೇ ಜೂನ್‌ನಲ್ಲಿ, ಅಲ್ಲಿಂದ ಬರುವ ಸ್ಕ್ರಿಪ್ಟಿನೊಳಗೆ ಕೆಡುಕಿನ ಕೋಡ್ ಸೇರಿಸಲಾಗಿದೆ ಎಂದೂ ಒಂದು ಲಕ್ಷಕ್ಕಿಂತ ಹೆಚ್ಚು ಜಾಲತಾಣಗಳು ಅದನ್ನು ಬಳಸುತ್ತಿವೆ ಎಂದೂ ಸ್ಯಾನ್‌ಸೆಕ್ ಎಂಬ ಭದ್ರತಾ ಸಂಸ್ಥೆ ಬಯಲುಮಾಡಿತು. ಸೇವೆಯನ್ನು ಮೊದಲು ಕಟ್ಟಿದ ಆಂಡ್ರ್ಯೂ ಬೆಟ್ಸ್ ಅವರೇ ಫೆಬ್ರವರಿಯಲ್ಲಿ, ಅದನ್ನು ಕೂಡಲೇ ತೆಗೆಯಿರಿ ಎಂದು ಹೇಳಿದ್ದರು. ನಿಮ್ಮ ಹಳೆಯ ಯೋಜನೆಗಳಲ್ಲಿ ಆ ವಿಳಾಸ ಉಳಿದಿದೆಯೇ ಎಂದು ಇವತ್ತೇ ಹುಡುಕಿ ನೋಡಿ.

ಫಾರ್ಮ್ ಎಂದರೆ ಜನ ತಮ್ಮ ಹೆಸರು, ಪಾಸ್‌ವರ್ಡ್, ಕಾರ್ಡ್ ಸಂಖ್ಯೆ ಬರೆಯುವ ಜಾಗ. ಅಲ್ಲಿ ಓಡುವ ಸ್ಕ್ರಿಪ್ಟ್ ಪರರ ಮನೆಯಿಂದ ಪ್ರತಿ ಸಲ ಹೊಸದಾಗಿ ಬರಬಾರದು.

ಹೆಜ್ಜೆ 6: ಬೇಕಾದಾಗ ಮಾತ್ರ ಕರೆಯಿರಿ

ಪುಟದಲ್ಲಿರುವುದು ಪರೀಕ್ಷೆಯ ನಾಲ್ಕಾರು ಸಾಲು ಮಾತ್ರ. ಪರೀಕ್ಷೆ ಸೋತರೆ ಒಂದು ಸ್ಕ್ರಿಪ್ಟ್ ಎಲಿಮೆಂಟ್ ಸೃಷ್ಟಿಸಿ, ಅದಕ್ಕೆ ಫೈಲಿನ ವಿಳಾಸ ಕೊಟ್ಟು ಪುಟಕ್ಕೆ ಸೇರಿಸಿ, 'ಆನ್‌ಲೋಡ್' ಆದ ಮೇಲೆ ಲೈಬ್ರರಿಯನ್ನು ಚಾಲೂ ಮಾಡಿ. ಬೇಕಾದಾಗ ಫೈಲ್ ತರಿಸುವ ಡೈನಾಮಿಕ್ 'ಇಂಪೋರ್ಟ್' ಸೊಗಸಾಗಿದೆ, ಆದರೆ ನಿಮ್ಮ ಗುರಿಯಲ್ಲಿರುವ ಬ್ರೌಸರಿಗೆ ಅದು ಗೊತ್ತಿರುವ ಸಾಧ್ಯತೆ ಕಡಿಮೆ.

ಇಲ್ಲಿ ಎರಡು ಎಡವುಗಲ್ಲುಗಳಿವೆ. ತಡವಾಗಿ ಬಂದ ಲೈಬ್ರರಿ, ಪುಟ ಓದಿ ಮುಗಿಯಿತು ಎಂದು ಬ್ರೌಸರ್ ಸಾರುವ 'ಡಾಮ್‌ಕಂಟೆಂಟ್‌ಲೋಡೆಡ್' ಈವೆಂಟಿಗೆ ಕಾಯುತ್ತ ಕುಳಿತರೆ, ಆ ಬಸ್ಸು ಆಗಲೇ ಹೊರಟುಹೋಗಿರುತ್ತದೆ. 'ರೆಡಿಸ್ಟೇಟ್' ನೋಡಿ, ಪುಟ ಸಿದ್ಧವಿದ್ದರೆ ನೇರವಾಗಿ ಚಾಲೂ ಮಾಡಬೇಕು. ಇನ್ನೊಂದು, ಲೈಬ್ರರಿ ಬರುವಷ್ಟರಲ್ಲಿ ಬಳಕೆದಾರರು ಬರೆಯಲು ತೊಡಗಿರಬಹುದು. ಅವರು ಬರೆದದ್ದನ್ನು ಅಳಿಸದೆ, ಕರ್ಸರನ್ನು ಕಸಿಯದೆ ಸೇರಿಕೊಳ್ಳುವ ಲೈಬ್ರರಿಯೇ ಒಳ್ಳೆಯದು. ಪುಟ ತೆರೆದ ಮೇಲೆ ನಿಮ್ಮ ಸ್ಕ್ರಿಪ್ಟ್ ಹೊಸ ಫೀಲ್ಡುಗಳನ್ನು ಸೇರಿಸುತ್ತಿದ್ದರೆ ಅವುಗಳಿಗೂ ಲೈಬ್ರರಿಯನ್ನು ಮತ್ತೆ ಕರೆಯಲು ಮರೆಯಬೇಡಿ.

ಹೆಜ್ಜೆ 7: ದಿನಾಂಕದ ಜೊತೆ ಎಚ್ಚರ

ಕೆಲಸದ ಮುಕ್ಕಾಲು ಪಾಲು ತಲೆನೋವು ಇಲ್ಲಿಯೇ. ದಿನಾಂಕವನ್ನು ಬ್ರೌಸರ್ ಬಳಕೆದಾರರಿಗೆ ಯಾವ ರೂಪದಲ್ಲಿ ತೋರಿಸಿದರೂ ಸರ್ವರಿಗೆ ಕಳಿಸುವುದು ವರ್ಷ-ತಿಂಗಳು-ದಿನ ಎಂಬ ಒಂದೇ ರೂಪದಲ್ಲಿ. ನಿಮ್ಮ ಕ್ಯಾಲೆಂಡರ್ ಲೈಬ್ರರಿಯೂ ಅದನ್ನೇ ಕಳಿಸುವಂತೆ ಹೊಂದಿಸಿ. ಎರಡು ಬಗೆಯ ರೂಪಗಳನ್ನು ಊಹಿಸುವ ಭಾರವನ್ನು ಸರ್ವರಿನ ತಲೆಗೆ ಕಟ್ಟಬೇಡಿ.

ಅನೇಕ ಲೈಬ್ರರಿಗಳು ಮೂಲ ಫೀಲ್ಡನ್ನು ಮರೆಮಾಡಿ, ಕಣ್ಣಿಗೆ ಹಿತವಾದ ಬೇರೊಂದನ್ನು ಮುಂದಿಡುತ್ತವೆ. ಮೂಲಕ್ಕೆ 'ರಿಕ್ವೈರ್ಡ್' ಇದ್ದರೆ ಎರಡು ವಿರುದ್ಧ ಬಗೆಯ ಅನಾಹುತಗಳಲ್ಲಿ ಒಂದು ಕಾದಿರುತ್ತದೆ. ಮೂಲದ ಟೈಪ್ 'ಹಿಡನ್' ಆದರೆ, ಅಥವಾ ಅದನ್ನು 'ರೀಡ್‌ಓನ್ಲಿ' ಮಾಡಿದರೆ, ಮಾನಕದ ಪ್ರಕಾರ ಅದಕ್ಕೆ ತಪಾಸಣೆಯಿಂದ ವಿನಾಯಿತಿ. ಖಾಲಿ ದಿನಾಂಕ ಸಲೀಸಾಗಿ ದಾಟಿಹೋಗುತ್ತದೆ. ಸಿಎಸ್‌ಎಸ್‌ನಿಂದ ಅದನ್ನು ಕಾಣದಂತೆ ಮಾಡಿದ್ದರೆ ಬ್ರೌಸರ್ ತಪ್ಪು ಹಿಡಿಯುತ್ತದೆ, ಆದರೆ ತೋರಿಸಲು ಜಾಗವಿಲ್ಲದೆ ಫಾರ್ಮನ್ನು ಸುಮ್ಮನೆ ತಡೆದು ನಿಲ್ಲುತ್ತದೆ. ಗುಂಡಿ ಒತ್ತಿದವರಿಗೆ ಏನೂ ಆಗುತ್ತಿಲ್ಲ ಎಂದಷ್ಟೇ ಕಾಣುತ್ತದೆ. ಲೈಬ್ರರಿ ಚಾಲೂ ಆದ ಮೇಲೆ 'ರಿಕ್ವೈರ್ಡ್' ಆಟ್ರಿಬ್ಯೂಟನ್ನು ಕಾಣುವ ಫೀಲ್ಡಿಗೆ ವರ್ಗಾಯಿಸಿ, ಆ ಫೀಲ್ಡ್ ಬರೆಯಲು ಬಿಡುವಂತಿರಲಿ.

ಜಾವಾಸ್ಕ್ರಿಪ್ಟಿನ 'ಡೇಟ್' ವಸ್ತುವಿನ ಒಂದು ಕುಹಕವನ್ನೂ ತಿಳಿದಿರಿ. 2024-03-05 ಎಂಬ ಪಠ್ಯವನ್ನು ಅದಕ್ಕೆ ಕೊಟ್ಟರೆ ಅದು ಯುಟಿಸಿಯ (ಜಾಗತಿಕ ಪ್ರಮಾಣ ಸಮಯದ) ಮಧ್ಯರಾತ್ರಿ ಎಂದು ತಿಳಿಯುತ್ತದೆ. ಗ್ರೀನಿಚ್‌ಗೆ ಪಶ್ಚಿಮದಲ್ಲಿರುವವರಿಗೆ ಅದು ಮಾರ್ಚ್ 4. ಪೂರ್ವದಲ್ಲಿರುವವರಿಗೆ ಪೆಟ್ಟು ತಿರುವುಮುರುವು: ಸ್ಥಳೀಯ ಮಧ್ಯರಾತ್ರಿಯನ್ನು 'ಟುಐಎಸ್‌ಒಸ್ಟ್ರಿಂಗ್' ಮೂಲಕ ಪಠ್ಯ ಮಾಡಿದರೆ ಹಿಂದಿನ ದಿನ ಬರುತ್ತದೆ. ಹುಟ್ಟಿದ ದಿನದಂಥ ಮಾಹಿತಿಗೆ ಗಡಿಯಾರದ ಹಂಗೇ ಬೇಡ; ವರ್ಷ, ತಿಂಗಳು, ದಿನಗಳನ್ನು ಬೇರೆಬೇರೆಯಾಗಿ ತೆಗೆದು ನೀವೇ ಜೋಡಿಸಿ.

ಹೆಜ್ಜೆ 8: ತಪಾಸಣೆ

ನಿಮ್ಮದೇ ವಿನ್ಯಾಸದ ದೋಷಸೂಚನೆ ಬೇಕೆಂದರೆ ಫಾರ್ಮಿಗೆ 'ನೋವ್ಯಾಲಿಡೇಟ್' ಹಾಕಿ ಬ್ರೌಸರಿನ ಗುಳ್ಳೆಗಳನ್ನು ಆರಿಸಬೇಕು. ಅದನ್ನು ಎಚ್‌ಟಿಎಂಎಲ್‌ನಲ್ಲಿ ಬರೆಯದೆ, ಲೈಬ್ರರಿ ಯಶಸ್ವಿಯಾಗಿ ಚಾಲೂ ಆದ ಮೇಲೆ ಸ್ಕ್ರಿಪ್ಟಿನಿಂದ ಸೇರಿಸಿ. ಇಲ್ಲವಾದರೆ ಫೈಲ್ ಬರದೇಹೋದ ದಿನ ಹೊಸ ಬ್ರೌಸರಿನ ತಪಾಸಣೆಯೂ ಸತ್ತಿರುತ್ತದೆ.

'ಪ್ಯಾಟರ್ನ್' ಆಟ್ರಿಬ್ಯೂಟ್ ಯಾವಾಗಲೂ ಇಡೀ ಬೆಲೆಗೆ ಹೊಂದಬೇಕು. ಐದು ಅಂಕಿ ಎಂದು ಬರೆದರೆ 12345 ಮಾತ್ರ ಸರಿ. ಅದೇ ನಮೂನೆಯನ್ನು ಸ್ಕ್ರಿಪ್ಟಿನಲ್ಲಿ ನೇರವಾಗಿ ಪರೀಕ್ಷಿಸಿದರೆ 12345678 ಕೂಡ ಪಾಸಾಗುತ್ತದೆ, ಏಕೆಂದರೆ ಮೊದಲು ಮತ್ತು ಕೊನೆಯ ಕಟ್ಟುಗಳು ಅಲ್ಲಿಲ್ಲ. ಒಳ್ಳೆಯ ಪಾಲಿಫಿಲ್ ಅವನ್ನು ತಾನೇ ಸೇರಿಸುತ್ತದೆ. ನೀವೇ ಬರೆಯುವಾಗ ನೆನಪಿಡಿ. ಖಾಲಿ ಫೀಲ್ಡನ್ನು 'ಪ್ಯಾಟರ್ನ್' ಮುಟ್ಟುವುದಿಲ್ಲ ಎಂಬುದನ್ನೂ.

'ಸೆಟ್‌ಕಸ್ಟಮ್‌ವ್ಯಾಲಿಡಿಟಿ' ಬಳಸಿ ಕನ್ನಡದಲ್ಲಿ ಸಂದೇಶ ಕೊಡುವುದು ನನಗೆ ಇಷ್ಟ, ಏಕೆಂದರೆ ಬ್ರೌಸರಿನ ತಯಾರಿ ಸಂದೇಶ ಪುಟದ ಭಾಷೆಯಲ್ಲಿ ಬಾರದೆ ಬ್ರೌಸರಿನ ಭಾಷೆಯಲ್ಲಿ ಬರುತ್ತದೆ. ಆದರೆ ಒಮ್ಮೆ ಇಟ್ಟ ಸಂದೇಶ ತಾನಾಗಿ ಅಳಿಯುವುದಿಲ್ಲ. ಬಳಕೆದಾರರು ತಿದ್ದುತ್ತಿದ್ದಂತೆ ಖಾಲಿ ಪಠ್ಯ ಕೊಟ್ಟು ಅದನ್ನು ತೆಗೆಯದಿದ್ದರೆ, ಸರಿಪಡಿಸಿದ ಫಾರ್ಮ್ ಕೂಡ ಎಂದೆಂದಿಗೂ ಹೋಗದು. ಕನ್ನಡ ಬರೆಯಿಸಿಕೊಳ್ಳುವ ಫೀಲ್ಡಿನಲ್ಲಿ 'ಮ್ಯಾಕ್ಸ್‌ಲೆಂತ್' ಕೂಡ ನೋಡಿಕೊಳ್ಳಿ: ಕಣ್ಣಿಗೆ ಒಂದೇ ಅಕ್ಷರವಾದ 'ಕ್ಷೇ' ಅದರ ಲೆಕ್ಕದಲ್ಲಿ ನಾಲ್ಕು. ಎಕ್ಸ್‌ಪ್ಲೋರರ್ 9ಕ್ಕೆ ಟೆಕ್ಸ್ಟ್‌ಏರಿಯಾದಲ್ಲಿ ಈ ಮಿತಿಯ ಅರಿವೇ ಇಲ್ಲ.

ನಿಮ್ಮ ಕೋಡಿನಲ್ಲಿ ಎಲ್ಲಾದರೂ ಫಾರ್ಮಿನ 'ಸಬ್ಮಿಟ್' ಫಂಕ್ಷನ್ನನ್ನು ನೇರವಾಗಿ ಕರೆಯುತ್ತಿದ್ದರೆ ಅದು ತಪಾಸಣೆಯನ್ನೂ ಸಲ್ಲಿಕೆಯ ಈವೆಂಟನ್ನೂ ಹಾರಿ ಹೋಗುತ್ತದೆ. ಅಲ್ಲೆಲ್ಲ 'ರಿಕ್ವೆಸ್ಟ್‌ಸಬ್ಮಿಟ್' ಹಾಕಿ. ತಪ್ಪಿರುವ ಫೀಲ್ಡಿಗೆ 'ಏರಿಯಾ ಇನ್‌ವ್ಯಾಲಿಡ್' ಸೇರಿಸಿ, ಸಂದೇಶವನ್ನು 'ಏರಿಯಾ ಡಿಸ್ಕ್ರೈಬ್ಡ್‌ಬೈ' ಮೂಲಕ ಫೀಲ್ಡಿಗೆ ಬೆಸೆಯಿರಿ. ಬರಿಯ ಕೆಂಪು ಗೆರೆ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಇದ್ದೂ ಇಲ್ಲದಂತೆ.

ಹೆಜ್ಜೆ 9: ಪರೀಕ್ಷಿಸಿ, ಕಾಲ ಬಂದಾಗ ಕಿತ್ತುಹಾಕಿ

ಹಳೆಯ ಬ್ರೌಸರ್ ಕೈಯಲ್ಲಿಲ್ಲದಿದ್ದರೂ ಮೊದಲ ಸುತ್ತಿನ ಪರೀಕ್ಷೆ ಸಾಧ್ಯ: ವಿಳಾಸದ ಕೊನೆಯಲ್ಲಿ ಒಂದು ಗುರುತಿದ್ದರೆ ಎಲ್ಲ ಪರೀಕ್ಷೆಗಳೂ 'ಇಲ್ಲ' ಎನ್ನುವಂತೆ ಬರೆದಿಟ್ಟರೆ ಹೊಸ ಬ್ರೌಸರಿನಲ್ಲೇ ಗಾರೆಯ ದಾರಿ ತೆರೆಯುತ್ತದೆ. ಎರಡನೆಯ ಸುತ್ತು ಎಡ್ಜಿನ ಐಇ ಮೋಡ್‌ನಲ್ಲಿ, ಸಾಧ್ಯವಾದರೆ ನಿಜವಾದ ಹಳೆಯ ಫೋನಿನಲ್ಲಿ. ಮೌಸ್ ಬದಿಗಿಟ್ಟು ಕೀಲಿಮಣೆಯಿಂದ ಮಾತ್ರ ಇಡೀ ಫಾರ್ಮ್ ತುಂಬಿ. ಜಾವಾಸ್ಕ್ರಿಪ್ಟ್ ಆರಿಸಿ ಇನ್ನೊಮ್ಮೆ. ಸಲ್ಲಿಸಿದ ಮೇಲೆ ಹಿಂದಿನ ಪುಟಕ್ಕೆ ಮರಳಿದರೆ ಫೀಲ್ಡುಗಳಲ್ಲಿ ಏನು ಉಳಿದಿದೆ ಎಂದೂ ನೋಡಿ.

ಪ್ರತಿ ಪಾಲಿಫಿಲ್ ಎಷ್ಟು ಸಲ ಇಳಿಯುತ್ತಿದೆ ಎಂಬುದು ಸರ್ವರಿನ ಲಾಗಿನಲ್ಲೇ ಸಿಗುತ್ತದೆ. ಸ್ವಂತ ಸರ್ವರಿನಲ್ಲಿ ಇಟ್ಟದ್ದರ ಇನ್ನೊಂದು ಲಾಭ. ಆ ಎಣಿಕೆ ತಿಂಗಳುಗಟ್ಟಲೆ ಸೊನ್ನೆಯ ಹತ್ತಿರವೇ ಇದ್ದರೆ ಪರೀಕ್ಷೆಯ ಸಾಲುಗಳನ್ನು ಮೊದಲು ತೆಗೆಯಿರಿ. ಫೈಲನ್ನು ಅದೇ ದಿನ ಅಳಿಸಬೇಡಿ. ಕ್ಯಾಶೆಯಲ್ಲಿ ಕುಳಿತ ಹಳೆಯ ಪುಟಗಳು ಇನ್ನೂ ಕೆಲವು ವಾರ ಅದನ್ನು ಕೇಳಿಕೊಂಡು ಬರುತ್ತವೆ.